ವಿಠ್ಠಲವಾಡಿಗೆ ಹೋಗುವ ಹುಳಿಹಿಟ್ಟು

ಹಂದಿಮರಿಗಳ ಹೊಟ್ಟೆಯ ವಿಷಯದಲ್ಲಿ ನಮ್ಮ ಇಡೀ ಬಳಗಕ್ಕೆ ಏಕೈಕ ಅಧಿಕಾರವಾಣಿಯಾದ ಅಕ್ಕನ ಮಗಳು ಅಮೂಲ್ಯಾಳಿಗೆ, ಠಾಣೆ ಶಹರದಿಂದ ನಿನ್ನ ಪುಂಡರೀಕಾಕ್ಷ ಮಾವ ಬರೆಯುವುದು.

ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಎರಡು ಬೂದು ಟಿಕ್ ಬಿದ್ದು ಅಲ್ಲೇ ನಿಂತಿವೆ, ನೀಲಿಯಾಗುವ ಲಕ್ಷಣ ಕಾಣಲಿಲ್ಲ. ಆದ್ದರಿಂದ ಕಾಗದ. ವಾಶಿಯಲ್ಲಿ ನಿನ್ನ ರೂಮಿನ ಜೊತೆಗಾತಿ ಸಂಜನಾ ಇದನ್ನು ಸ್ಟೇಷನ್ನಿನಲ್ಲಿ ನನ್ನ ಕೈಯಿಂದ ತೆಗೆದುಕೊಂಡು ನಿನ್ನ ದಿಂಬಿನ ಮೇಲೆ ಇಡಲು ಒಪ್ಪಿದ್ದಾಳೆ. ಕಾಗದವನ್ನು ಓದದೆ ಎಸೆಯುವ ಹುಡುಗಿ ನೀನಲ್ಲ. ಚಿಕ್ಕವಳಿದ್ದಾಗ ವಡೆ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಿದ್ದವಳು.

ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಗೆ ತುರ್ಭೆಯ ಕಂಪೆನಿಗೆ ರಾಜೀನಾಮೆ ಕೊಟ್ಟು, ಡೊಂಬಿವಲಿಯಲ್ಲಿ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ ಎಂದು ನೀನು ಮನೆಯಲ್ಲಿ ಹೇಳಿ ಹೋಗಿದ್ದೀಯ. ಮರಗಮ್ಮನ ಏಳು ಹಂದಿಮರಿಗಳು ಸತ್ತದ್ದು ನಿನ್ನ ಮಾತು ಕೇಳಿದ್ದರಿಂದ, ನೀನು ಓದಿದ್ದೆಲ್ಲ ಪುಸ್ತಕದಲ್ಲೇ ಉಳಿಯಿತು, ಇನ್ನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದೂ ಹೇಳಿದ್ದೀಯ. ರಾಜೀನಾಮೆ ಕೊಡುವ ಮೊದಲು ಇದನ್ನು ಪೂರ್ತಿ ಓದು. ಆ ಏಳು ಮರಿಗಳ ವಿಷಯದಲ್ಲಿ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಉಂಟು. ನಿನ್ನೆ ಭಾನುವಾರ ಬೆಳಿಗ್ಗೆಯವರೆಗೆ ಅದು ನನಗೂ ಗೊತ್ತಿರಲಿಲ್ಲ.

ಆದರೆ ನಡುವಿನಿಂದ ಹೇಳಿದರೆ ನನಗೇ ಸಮಾಧಾನವಿಲ್ಲ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಡೆದುಕೋ.

ಪರೇಲಿನಲ್ಲಿ ಪಶುವೈದ್ಯ ಓದಿ ನೀನು ತುರ್ಭೆಯಲ್ಲಿ ಕೆಲಸಕ್ಕೆ ಸೇರಿದಾಗ ನಿನ್ನಮ್ಮ ವನಮಾಲಾ ಸೊಸೈಟಿಗೆಲ್ಲ ಪೇಡೆ ಹಂಚಿದಳು. ಕಂಪೆನಿ ಎಂಥದ್ದು ಎಂದು ಕೇಳಿದವರಿಗೆ ‘ಫೀಡ್ ಅಡಿಟಿವ್’ ಎಂದಳು. ಹಾಗೆಂದರೇನು ಎಂದವರಿಗೆ ‘ಊಟಕ್ಕೆ ಬೆರೆಸುವ ಪುಡಿ, ಹಾಲು ಬಿಡಿಸಿದ ಮಕ್ಕಳ ಹೊಟ್ಟೆಗೆ ಒಳ್ಳೆಯದು’ ಎಂದಳು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾರ ಮಕ್ಕಳು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಇದರ ಫಲವಾಗಿ ಬಿ ವಿಂಗಿನ ನಾಗವೇಣಿ ಬಾಯಿ ಮೊಮ್ಮಗನನ್ನು ಎತ್ತಿಕೊಂಡು ಬಂದು, ‘ಹಾಲು ಬಿಡಿಸಿದ ಮೇಲೆ ಇವನ ಹೊಟ್ಟೆ ಸರಿಯಿಲ್ಲ, ಅಮೂಲ್ಯಾ ನೋಡಲಿ’ ಎಂದು ಸೋಫಾದ ಮೇಲೆ ಕೂತರು. ನೀನು ಒಂದು ಗಳಿಗೆ ಅಮ್ಮನ ಮುಖ ನೋಡಿದೆ. ಆಮೇಲೆ ಮಗುವಿನ ನಾಲಿಗೆ ನೋಡಿದೆ. ‘ಒಮ್ಮೆಲೇ ಎಲ್ಲ ಬದಲಾಯಿಸಬೇಡಿ ಆಂಟಿ, ಸ್ವಲ್ಪ ಸ್ವಲ್ಪ ಕೊಡಿ, ನೀರು ಕುದಿಸಿಯೇ ಕೊಡಿ, ನಾಳೆಗೂ ಕಮ್ಮಿಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ’ ಎಂದೆ. ಮಗು ಗುಣವಾಯಿತು. ನಾಗವೇಣಿ ಬಾಯಿ ಇವತ್ತಿಗೂ ನಿನ್ನನ್ನು ಮಕ್ಕಳ ಡಾಕ್ಟರೆಂದೇ ತಿಳಿದಿದ್ದಾರೆ. ನಿನ್ನಮ್ಮ ಆ ನಂಬಿಕೆಯನ್ನು ದೇವರ ಮುಂದಿನ ದೀಪದ ಹಾಗೆ ಗಾಳಿ ತಾಗದಂತೆ ಕಾಪಾಡಿಕೊಂಡು ಬಂದಿದ್ದಾಳೆ. ನೀನು ಹಂದಿಗೂಡುಗಳಿಗೆ ಹೋಗಿ ಬಂದ ದಿನ ಬಚ್ಚಲಿನಲ್ಲಿ ನಿನಗೆ ಬೇರೆ ಬಕೆಟ್ಟು, ಬೇರೆ ಸಾಬೂನು. ಅದು ಅವಳ ಕೈಯಲ್ಲಿ ಆಗುವಷ್ಟು ರಾಜಿ.

ಮುರಾರಿ ಭಾವನದು ಬೇರೆ ರೀತಿ. ನಿನ್ನಪ್ಪ ಸುಳ್ಳು ಹೇಳುವವರಲ್ಲ, ನಿಜವನ್ನೂ ಕೇಳದೆ ಹೇಳುವವರಲ್ಲ. ಮಗಳು ಎಂತ ಮಾಡ್ತಾಳೆ ಎಂದು ಯಾರಾದರೂ ಗಿರಾಕಿಗಳು ಕೇಳಿದರೆ ‘ಕೆಲಸಕ್ಕೆ ಹೋಗ್ತಾಳೆ’ ಎಂದು ಹೇಳಿ ಚಿಲ್ಲರೆ ಕೊಡುತ್ತಿದ್ದರು. ಇವತ್ತಲ್ಲ ನಾಳೆ ನೀನು ಗಲ್ಲಾಕ್ಕೆ ಬರುತ್ತೀ ಎಂಬ ಆಸೆ ಅವರಿಗಿತ್ತು. ನಿನಗೆ ನೇರ ಹೇಳಲಿಲ್ಲ, ನನ್ನ ಹತ್ತಿರ ಮಾತ್ರ ಹೇಳುತ್ತಿದ್ದರು. ನಾನು ನಿನಗೆ ಹೇಳುತ್ತೇನೆ ಎಂಬ ಭರವಸೆಯ ಮೇಲೆ. ನಾನು ಹೇಳಲಿಲ್ಲ, ಯಾಕೆಂದರೆ ಆ ಕೆಲಸದ ಮಾತಾಡುವಾಗ ನಿನ್ನ ಮುಖ ಹೇಗಿರುತ್ತದೆ ಎಂದು ಒಂದು ಭಾನುವಾರ ಊಟಕ್ಕೆ ಕೂತಾಗ ನೋಡಿಬಿಟ್ಟಿದ್ದೆ.

ಆ ಭಾನುವಾರದ ನಿನ್ನ ಉಪನ್ಯಾಸ ನನಗೆ ಹೆಚ್ಚುಕಡಿಮೆ ಬಾಯಿಪಾಠ. ಮರಿ ತಾಯಿಯ ಹಾಲು ಕುಡಿಯುವಷ್ಟು ಕಾಲ ಆ ಹಾಲೇ ಹೊಟ್ಟೆಯೊಳಗೆ ಹುಳಿಯಾಗಿ ಅದನ್ನು ಕಾಯುತ್ತದೆ ಎಂದೆ. ಒಂದು ದಿನ ತಾಯಿಯಿಂದ ಬಿಡಿಸಿ ಬೇರೆ ಗೂಡಿಗೆ ಹಾಕಿ ಮುಂದೆ ಜೋಳ-ಸೋಯಾದ ಹಿಟ್ಟು ಸುರಿಯುತ್ತಾರೆ. ಆ ಎಳೆಯ ಹೊಟ್ಟೆಗೆ ಬೇಕಾದಷ್ಟು ಹುಳಿಯನ್ನು ತಾನೇ ತಯಾರಿಸಲು ಇನ್ನೂ ಬರುವುದಿಲ್ಲ. ಹಿಟ್ಟು ಅರೆಬರೆ ಕರಗಿ ಕರುಳಿಗೆ ಇಳಿಯುತ್ತದೆ, ಅಲ್ಲಿ ಕೆಟ್ಟ ಕ್ರಿಮಿಗಳಿಗೆ ಹಬ್ಬ. ಆಮೇಲೆ ಭೇದಿ, ಆಮೇಲೆ ಸಾವು. ಇದಕ್ಕೆ ಹೆದರಿ ಜನ ಮೇವಿಗೆ ದಿನವೂ ಆಂಟಿಬಯೋಟಿಕ್ ಬೆರೆಸುತ್ತಾರೆ, ರೋಗ ಬಂತು ಎಂದಲ್ಲ, ಬಾರದಿರಲಿ ಎಂದು. ದಿನವೂ ತಿಂದರೆ ಕ್ರಿಮಿಗಳು ಆ ಔಷಧಕ್ಕೆ ಒಗ್ಗಿಹೋಗುತ್ತವೆ, ನಾಳೆ ಅದೇ ಔಷಧ ಮನುಷ್ಯರಿಗೂ ತಾಗುವುದಿಲ್ಲ. ಅದರ ಬದಲು ಮೇವಿಗೆ ಒಂದಿಷ್ಟು ಹುಳಿ, ಒಂದಿಷ್ಟು ಒಳ್ಳೆಯ ಬ್ಯಾಕ್ಟೀರಿಯಾ ಬೆರೆಸಿದರೆ ಹೊಟ್ಟೆ ತನ್ನ ಕೆಲಸ ಕಲಿಯುವವರೆಗೆ ಅವೇ ಕಾಯುತ್ತವೆ. ನಿನ್ನ ಕಂಪೆನಿ ಮಾರುವುದು ಅದನ್ನೇ, ಪುಡಿ ಮಾಡಿ, ಚೀಲದಲ್ಲಿ ತುಂಬಿ. ಇಷ್ಟನ್ನು ನೀನು ಸಾರಿಗೂ ಮಜ್ಜಿಗೆಗೂ ನಡುವೆ ಹೇಳಿ ಮುಗಿಸಿದೆ.

‘ಊಟದ ಹೊತ್ತಿಗೆ ಎಂತ ಮಾತು ಮಾರಾಯ್ತಿ’ ಎಂದಳು ನಿನ್ನಮ್ಮ. ನಿನ್ನಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು: ‘ತಾಯಿಯಿಂದ ಬಿಡಿಸಿದ ಮೇಲೆ ಅವು ಕೂಗ್ತಾವಾ?’

‘ಎರಡು ದಿನ ಕೂಗ್ತಾವೆ ಅಪ್ಪ. ಆಮೇಲೆ ಸುಮ್ಮನಾಗ್ತಾವೆ.’

ಭಾವ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ಮುಂದೆ ನಡೆದದ್ದಕ್ಕೆಲ್ಲ ಬೀಜ ಬಿದ್ದದ್ದು ಆ ಪ್ರಶ್ನೆಯಲ್ಲಿ. ನಮಗೆ ಯಾರಿಗೂ ಗೊತ್ತಾಗಲಿಲ್ಲ, ನಾನು ಎರಡನೆಯ ಸಲ ಪಾಯಸ ಕೇಳುವುದರಲ್ಲಿದ್ದೆ.

ಇನ್ನು ಮರಗಮ್ಮ. ಯಾದಗಿರಿಯ ಕಡೆಯವಳು, ವಿಠ್ಠಲವಾಡಿ ಸ್ಟೇಷನ್ನಿನ ಆಚೆ ನಾಲೆಯ ಬದಿಯಲ್ಲಿ ಹಂದಿ ಸಾಕುತ್ತಾಳೆ. ನೀನು ಫ್ರಾಕು ಹಾಕುತ್ತಿದ್ದ ಕಾಲದಿಂದ ಹೋಟೆಲಿನ ಹಿಂಬಾಗಿಲಿಗೆ ಟೆಂಪೋ ತಂದು ಎಂಜಲಿನ ಡ್ರಮ್ಮು ಒಯ್ಯುತ್ತಿದ್ದಾಳೆ. ಬೇರೆ ಹೋಟೆಲುಗಳ ಎಂಜಲು ಅವಳಿಗೆ ಬೇಡ. ಮಾಂಸ ಬೆರೆತ ಎಂಜಲಿನಿಂದ ಹಂದಿಗಳಿಗೆ ಜ್ವರ ಬಂದರೆ ಇಡೀ ಗೂಡೇ ಖಾಲಿಯಾಗುತ್ತದೆ ಎಂಬ ಹೆದರಿಕೆ. ‘ಶುದ್ಧ ಶಾಕಾಹಾರಿ’ ಎಂಬ ನಮ್ಮ ಬೋರ್ಡನ್ನು ಡೊಂಬಿವಲಿಯಲ್ಲಿ ಮರಗಮ್ಮನ ಹಂದಿಗಳಷ್ಟು ಗಂಭೀರವಾಗಿ ತೆಗೆದುಕೊಂಡ ಗಿರಾಕಿಗಳು ಇಲ್ಲ. ಆದರೆ ಹಾಲು ಬಿಡಿಸಿದ ಮರಿಗಳ ಭೇದಿ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಕೋಳಿ ಸಾಕುವವರಿಗೆ ಔಷಧ ಮಾರುವ ಅಂಗಡಿಯಿಂದ ಆಂಟಿಬಯೋಟಿಕ್ಕಿನ ಒಂದು ಹಳದಿ ಪುಡಿ ತಂದು ಪ್ರತಿ ಹೊತ್ತಿನ ಮೇವಿಗೂ ಬೆರೆಸುತ್ತಿದ್ದಳು, ಮೊದಮೊದಲು ಚಿಟಿಕೆ, ಆಮೇಲೆ ಹಿಡಿ. ಪುಡಿ ಹೆಚ್ಚಿದರೂ ಸಾಯುವುದು ನಿಲ್ಲಲಿಲ್ಲ. ಇನ್ನೊಂದು ಸಲ ಹೀಗಾದರೆ ಹಂದಿಗಳನ್ನೆಲ್ಲ ಮಾರಿ ತುರ್ಭೆಯಲ್ಲಿ ಹಮಾಲಿಗೆ ಹೋಗುತ್ತೇನೆ ಎಂದು ಹಿಂಬಾಗಿಲಿನಲ್ಲಿ ನಿನ್ನೆದುರು ಹೇಳಿದಳು.

ಆ ಕ್ಷಣ ನಿನ್ನ ಕಣ್ಣು ಅಡುಗೆಮನೆಯ ಮೂಲೆಯಲ್ಲಿ ಉಳಿದ ಹಿಟ್ಟಿನ ಮೇಲೆ ಬಿತ್ತು. ಮಧ್ಯಾಹ್ನ ದಾಟಿ ಹುಳಿ ಏರಿ, ದೋಸೆಗೂ ಬಾರದ, ಇಡ್ಲಿಗೂ ಬಾರದ ಹಿಟ್ಟು. ಸಾವಿರ ಹಂದಿ ಇರುವವರಿಗೆ ಕಂಪೆನಿಯ ಚೀಲ. ಮರಗಮ್ಮನ ಗೂಡಿಗೆ ಯಾವ ಕಂಪೆನಿ ಹೋಗುತ್ತದೆ? ನೀನು ಪರ್ಸಿನಿಂದ ಹುಳಿ ಅಳೆಯುವ ಕಾಗದದ ಚೂರು ತೆಗೆದು ಹಿಟ್ಟಿಗೆ ಅದ್ದಿ, ಬಣ್ಣ ನೋಡಿ, ಒಬ್ಬಳೇ ನಕ್ಕೆ. ನಿನ್ನ ರಜೆಯಲ್ಲಿ, ನಿನ್ನ ಖುಷಿಗೆ, ಮರಗಮ್ಮನಿಗೆ ಒಂದೊಂದನ್ನೇ ಹೇಳಿಕೊಟ್ಟೆ. ಹಿಟ್ಟಿಗೆ ನೀರು ಎಷ್ಟು, ಮೇವು ಎಷ್ಟು, ತೊಟ್ಟಿ ತೊಳೆಯುವುದು ಹೇಗೆ, ಹಳದಿ ಪುಡಿ ನಿಲ್ಲಿಸುವುದು ಯಾವಾಗ. ಮೊದಲ ಸೂಲಿನ ಮರಿಗಳು ಹಾಲು ಬಿಟ್ಟವು, ಹುಳಿಹಿಟ್ಟು ಕುಡಿದವು, ಒಂದೂ ಸಾಯಲಿಲ್ಲ. ಮರಗಮ್ಮ ಹಿಂಬಾಗಿಲಿಗೆ ಬಂದು ‘ನಿಮ್ಮ ಹುಡಿಗಿ ಕೈಗುಣ ಚಲೋ ಐತ್ರಿ’ ಎಂದು ಇಡೀ ಅಡುಗೆಮನೆಗೆ ಕೇಳುವಂತೆ ಸಾರಿದಳು. ಆ ಸಂಜೆ ನೀನು ಕೇಳದೆಯೇ ಭಾವ ನಿನಗೆ ತುಪ್ಪದ ದೋಸೆ ಕಳಿಸಿದರು.

ಎರಡನೆಯ ಸೂಲಿಗೆ ಎಲ್ಲ ತಲೆಕೆಳಗಾಯಿತು. ಅದೇ ಗೂಡು, ಅದೇ ಮೇವು, ಅದೇ ಹಿಟ್ಟು. ಮೂರನೆಯ ದಿನವೇ ಭೇದಿ ಹಿಡಿಯಿತು. ನೀನು ರಜೆ ಹಾಕಿ ವಿಠ್ಠಲವಾಡಿಯಲ್ಲೇ ಕೂತೆ. ನಲ್ಲಿಯ ನೀರು ನೋಡಿದೆ, ತೌಡು ನೋಡಿದೆ, ತೊಟ್ಟಿಯ ಅಡಿ ಕೆರೆದು ನೋಡಿದೆ, ನೆಲದ ತೇವ ನೋಡಿದೆ, ಪರ್ಸಿನ ಆ ಕಾಗದದ ಚೂರುಗಳನ್ನೆಲ್ಲ ಅವುಗಳಿಗೆ ಅದ್ದಿ ಮುಗಿಸಿದೆ. ಒಂದಕ್ಕೆ ಮಾತ್ರ ಅದ್ದಲಿಲ್ಲ. ಹೋಟೆಲಿನಿಂದ ಬಂದ ಹಿಟ್ಟಿನ ಕ್ಯಾನು. ಅಪ್ಪನ ಅಡುಗೆಮನೆಯದ್ದನ್ನು ಪರೀಕ್ಷೆ ಮಾಡಬೇಕು ಎಂದು ನಮ್ಮಲ್ಲಿ ಯಾರಿಗೆ ತಾನೆ ಹೊಳೆಯುತ್ತದೆ ಹೇಳು.

ಈಗ ನಿನ್ನೆಯ ಕಥೆ.

ಭಾನುವಾರ ಬೆಳಿಗ್ಗೆ ಎಂದಿನ ಹಾಗೆ ಡೊಂಬಿವಲಿಗೆ ಹೋದೆ. ಹೋಟೆಲು ತುಂಬಿತ್ತು, ಕೂರಲು ಜಾಗವಿರಲಿಲ್ಲ, ಕಾಫಿ ಹಿಡಿದು ಅಡುಗೆಮನೆಯೊಳಗೆ ನಿಂತೆ. ಅಡುಗೆಯ ಮುಖ್ಯಸ್ಥ ಜಯಶೀಲ, ಮರಗಮ್ಮನಿಗೆ ಹೋಗುವ ಎರಡು ಕ್ಯಾನುಗಳ ಮುಚ್ಚಳ ತೆಗೆದು, ಡಬ್ಬದಿಂದ ಬಿಳಿಪುಡಿ ಮೊಗೆದು ಹಾಕಿ ಸೌಟಿನಲ್ಲಿ ತಿರುಗಿಸುತ್ತಿದ್ದ. ಹಿಟ್ಟು ಬುಸುಬುಸು ನೊರೆ ಉಕ್ಕಿ ಮೇಲೆ ಬಂತು.

‘ಎಂತ ಜಯಶೀಲ ಅದು?’

‘ಸೋಡಾ. ಧನಿಗಳು ಹೇಳಿದ್ದು. ಸಣ್ಣ ಮರಿಗಳಿಗೆ ಹೋಗುವುದು, ಹುಳಿ ಪೂರಾ ಹೋಗುವಷ್ಟು ಹಾಕು ಅಂತ.’

‘ಯಾವಾಗಿಂದ?’

‘ಮರಗಮ್ಮನ ಡಬ್ಬಿ ಸೋರ್ಲಿಕ್ಕೆ ಸುರುವಾಯ್ತಲ್ಲ, ನಾನು ನಮ್ಮ ಕ್ಯಾನು ಕೊಟ್ಟೆ. ಅಂದಿನಿಂದ. ಹೆಸರಿನ ಕ್ಯಾನಲ್ವಾ.’

ಅಮೂಲ್ಯಾ, ಈ ‘ಹೆಸರಿನ ಕ್ಯಾನು’ ಏನೆಂದು ನಿನಗೆ ವಿವರಿಸಬೇಕಾಗಿಲ್ಲ, ಆದರೂ ವಿವರಿಸುತ್ತೇನೆ. ಡ್ರಮ್ಮಿನ ಎಂಜಲಿಗೆ ಹೆಸರಿಲ್ಲ, ಅದು ಹಿಂಬಾಗಿಲಿನಿಂದ ಹೋದರೆ ಹೋಯಿತು. ಕ್ಯಾನಿನ ಮೇಲೆ ಕೆಂಪು ಅಕ್ಷರದಲ್ಲಿ ಹೋಟೆಲಿನ ಹೆಸರುಂಟು. ಹೆಸರಿನ ಕ್ಯಾನು ಹೊರಗೆ ಹೋಗುವ ಮೊದಲು ನಿನ್ನಪ್ಪ ಬೆರಳದ್ದಿ ರುಚಿ ನೋಡುತ್ತಾರೆ, ಮುಂಜಿಯ ಸಾಂಬಾರಾಗಲಿ, ಯಾವುದೋ ಆಫೀಸಿನ ಮಜ್ಜಿಗೆಯಾಗಲಿ. ಹುಳಿ ಏರಿದ ಹಿಟ್ಟಿಗೆ ಸೋಡಾ ಹಾಕಿ ಸರಿಮಾಡುವುದು ನಮ್ಮ ಹೋಟೆಲಿನವರಿಗೆ ಉಸಿರಾಡಿದಷ್ಟು ಸಹಜ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಮರಗಮ್ಮನ ಸೋರುವ ಡಬ್ಬಿಯಲ್ಲಿ ಹೋಗುವಷ್ಟು ದಿನ ಹಿಟ್ಟು ಹಿಟ್ಟಾಗಿಯೇ ಹೋಯಿತು. ಹೆಸರಿನ ಕ್ಯಾನಿಗೆ ಬಿದ್ದ ದಿನ ಅದು ನಮ್ಮ ಹೋಟೆಲಿನ ಪಾರ್ಸೆಲ್ ಆಯಿತು. ಯಾವ ಹುಳಿ ಆ ಮರಿಗಳಿಗೆ ಔಷಧವೋ, ಅದನ್ನು ನಾವು ಮರ್ಯಾದೆಯ ಪ್ರಶ್ನೆಯೆಂದು ತೆಗೆದು, ಸಪ್ಪೆ ಹಿಟ್ಟನ್ನು ಪ್ರೀತಿಯಿಂದ ಕಳಿಸಿಕೊಟ್ಟೆವು.

ನಾನು ಲೋಟ ಅಲ್ಲೇ ಇಟ್ಟು ಗಲ್ಲಾಕ್ಕೆ ಹೋದೆ. ಮುಂದೆ ಜನ ಸಾಲು ನಿಂತಿದ್ದರು.

‘ಭಾವ, ಮರಗಮ್ಮನ ಕ್ಯಾನಿಗೆ ಸೋಡಾ ಹಾಕ್ಲಿಕ್ಕೆ ನೀವು ಹೇಳಿದ್ದಾ?’

‘ಹೌದು, ಮತ್ತೆ? ಅಷ್ಟು ಹುಳಿ ಕಳಿಸ್ಲಿಕ್ಕುಂಟಾ? ತಾಯಿ ಬಿಟ್ಟು ಕೂಗುವ ಮಕ್ಕಳು ಅಂತ ಅವಳೇ ಹೇಳಿದ್ದಲ್ವಾ.’

‘ಅವಳಿಗೆ ಹೇಳಿದ್ದೀರಾ?’

‘ಹೇಳ್ಲಿಕ್ಕೆ ಎಂತ ಉಂಟು? ಅವಳ ಕೆಲಸಕ್ಕೆ ನಾನೂ ಒಂದು ಕೈ ಹಾಕಿದೆ ಅಂತ ಬೋರ್ಡು ಬರೆಸ್ಬೇಕಾ?’

ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಇತ್ತು. ಅದನ್ನು ಮುರಿಯುವ ಕೆಲಸ ನನ್ನ ಪಾಲಿಗೆ ಬಂತು. ನೀನು ಊಟದ ಹೊತ್ತಿನಲ್ಲಿ ಹೇಳಿದ್ದನ್ನೇ ನಾನು ಗಲ್ಲಾದ ಬದಿಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದೆ, ಹುಳಿ ಯಾಕೆ, ಹುಳಿ ಹೋದರೆ ಏನು. ಭಾವನ ಕೈ ಚಿಲ್ಲರೆಯ ಡ್ರಾಯರಿನಲ್ಲೇ ನಿಂತಿತು. ಮುಂದಿದ್ದವನೊಬ್ಬ ‘ಅಂಕಲ್, ಛುಟ್ಟಾ’ ಎಂದು ಚಿಲ್ಲರೆ ಕೇಳಿದ. ಅವರಿಗೆ ಕೇಳಿಸಲಿಲ್ಲ.

‘ಏಳು ಅಲ್ವಾ ಹೋದ್ದು’ ಎಂದರು ಕೊನೆಗೆ.

‘ಹೌದು ಭಾವ.’

‘ನನಗೆ ಅವಳ ಮುಖ ನೋಡುವಾಗ ಬೇಜಾರಾಯ್ತು. ಆದರೆ ಗಲ್ಲಾಕ್ಕೆ ಬರ್ತೇನೆ ಅಂದಾಗ ಸಂತೋಷವೂ ಆಯ್ತು, ಸುಳ್ಳು ಯಾಕೆ.’

ಅಷ್ಟು ಹೇಳಿ ಎದ್ದರು. ಭಾನುವಾರದ ಗದ್ದಲದಲ್ಲಿ ನಿನ್ನಪ್ಪ ಗಲ್ಲಾ ಬಿಟ್ಟು ಎದ್ದದ್ದನ್ನು ಈ ಹೋಟೆಲಿನ ಗೋಡೆಗಳು ಕಂಡಿದ್ದರೆ ನಿನ್ನೆಯೇ ಮೊದಲು. ಪಾರ್ಸೆಲ್ ಕೌಂಟರಿನಲ್ಲಿದ್ದ ಜಯಶೀಲನ ಹೆಂಡತಿ ಅಕ್ಕುವನ್ನು ಕರೆದು ‘ಇಲ್ಲಿ ಕೂತ್ಕೋ’ ಎಂದರು. ಅವಳು ‘ನಾನಾ?’ ಎಂದಳು. ‘ನೀನೇ’ ಎಂದರು. ಅಡುಗೆಮನೆಗೆ ಹೋಗಿ ಸೋಡಾ ಬಿದ್ದ ಹಿಟ್ಟಿಗೆ ಬೆರಳದ್ದಿದರು, ಪಕ್ಕದಲ್ಲಿ ಸೋಡಾ ಬೀಳದ ಹಿಟ್ಟಿಗೂ ಅದ್ದಿದರು, ಎರಡನ್ನೂ ನಾಲಿಗೆಗೆ ಇಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಮೊದಲನೆಯದನ್ನು ತಾವೇ ಮೋರಿಗೆ ಚೆಲ್ಲಿದರು. ಎರಡನೆಯದನ್ನು ಕ್ಯಾನಿಗೆ ಬಗ್ಗಿಸಿಕೊಂಡು ‘ನಡಿ’ ಎಂದರು.

ಟೆಂಪೋ ಸಂಜೆಗೆ ಬರುತ್ತದೆ ಎಂದೆ. ರಿಕ್ಷಾ ಹಿಡಿಯುವ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುರಾರಿ ಭಾವ, ಫಸ್ಟ್ ಕ್ಲಾಸಿನ ಪಾಸು ಜೇಬಿನಲ್ಲಿರುವಾಗಲೇ, ಹುಳಿಹಿಟ್ಟಿನ ಕ್ಯಾನು ಹಿಡಿದು ಬದಲಾಪುರ ಲೋಕಲಿನ ಲಗೇಜು ಡಬ್ಬಿ ಹತ್ತಿದರು. ಸುತ್ತ ಕೊತ್ತಂಬರಿಯ ಗಂಟು, ಪ್ಲಾಸ್ಟಿಕ್ ಟಬ್ಬು, ಬಿದಿರಿನ ಏಣಿ. ಠಾಕುರ್ಲಿ ದಾಟುವಾಗ ಕೊತ್ತಂಬರಿಯವನು ಕ್ಯಾನು ಮೂಸಿ ‘ಕಾಯ್ ಆಹೇ ಕಾಕಾ, ತಾಕ್?’ ಎಂದ, ಮಜ್ಜಿಗೆಯಾ ಎಂದು.

‘ನಾಹೀ, ಔಷಧ್ ಆಹೇ’ ಎಂದರು ನಿನ್ನಪ್ಪ, ಮುಖ ಹೊರಗೆ ಮಾಡಿ.

ಮರಗಮ್ಮ ನಮ್ಮನ್ನು ಗೂಡಿನ ಬಾಗಿಲಲ್ಲೇ ತಡೆದಳು.

‘ಯಾರ್ರಿ? ಓ, ಹೋಟೆಲ್ ಧಣಿ. ಇಷ್ಟು ವರ್ಷ ನಿಮ್ಮ ಹಿಂಬಾಗಲಾ ತುಳದೀನಿ, ನಿಮ್ಮ ಮಾರಿ ಸಮೀಪದಿಂದ ನೋಡಿದ್ದು ಇವತ್ತ.’

‘ನಿಮ್ಮ ಮರಿ ಸತ್ತದ್ದು ನನ್ನ ಮಗಳಿಂದ ಅಲ್ಲ. ನನ್ನಿಂದ. ಹಿಟ್ಟಿಗೆ ಸೋಡಾ ಹಾಕಿಸಿದ್ದು ನಾನು.’

‘ಸೋಡಾ? ಕುಡಿಯೋದೇನ್ರಿ?’

‘ಅಲ್ಲ, ಇಡ್ಲಿಗೆ ಹಾಕುವುದು.’

‘ಹಂದಿ ನಿಮ್ಮ ಕಡೆ ಬಂದು ಇಡ್ಲಿ ಕೇಳಿತ್ತೇನ್ರಿ?’

ನಗಬಾರದ ಜಾಗದಲ್ಲಿ ನಗು ಬಂದು ನಾನು ನಾಲೆಯ ಕಡೆ ತಿರುಗಿದೆ. ಆದರೆ ಮರಗಮ್ಮ ನಗುತ್ತಿರಲಿಲ್ಲ.

‘ಆ ಹುಡಿಗಿ ಇಲ್ಲೇ, ಈ ಕಲ್ಲಿನ ಮ್ಯಾಲೆ ಕುಂತಿದ್ಲು. ಒಂದೊಂದ ಮರಿ ತಣ್ಣಗಾದಾಗೂ ನನ್ನ ತಪ್ಪು, ನನ್ನ ತಪ್ಪು ಅಂತ ಅತ್ತಾಳ. ನಾನೂ ಹೌದು ನಿನ್ನ ತಪ್ಪ ಅಂತ ಬೈದೀನಿ. ಅವು ನನ್ನ ಮರಿ, ನನಗ ಹೊಟ್ಟಿ ಉರದಿತ್ತು. ನೀವು ಆಕಿ ಅಳೂದು ನೋಡೀರೇನು?’

‘ಇಲ್ಲ’ ಎಂದರು ಭಾವ.

‘ನಾ ನೋಡೀನಿ.’

ನಿನ್ನಪ್ಪ ಕ್ಯಾನು ಕೆಳಗಿಟ್ಟು ಗೂಡಿನೊಳಗೆ ಬಗ್ಗಿದರು. ಉಳಿದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಬೆನ್ನಿನ ಎಲುಬು ಕಾಣುವಷ್ಟು ಸೊರಗಿದ್ದವು. ಅವರು ಮೂಗು ಮುಚ್ಚಲಿಲ್ಲ. ಗಿರಾಕಿಗಳ ಮೇಜಿನ ಬಳಿ ಕೇಳುವ ದನಿಯಲ್ಲೇ ‘ಇವು ಇವತ್ತು ಊಟ ಮಾಡಿದ್ದಾವಾ?’ ಎಂದು ಕೇಳಿದರು.

‘ಹಳದಿ ಪುಡಿ ಹಾಕಿ ಕೊಟ್ಟೀನಿ. ನಿಮ್ಮ ಹುಡಿಗೀನ ಹೇಳಿ ಹೋದ್ಲು, ನಂದು ಬ್ಯಾಡ, ನಿಂದ ಹಾಕು ಅಂತ. ನಿಮ್ಮ ಕ್ಯಾನಿನ ಹಿಟ್ಟು ದೊಡ್ಡ ಹಂದಿಗೆ ಸುರೀತೀನಿ.’

‘ಈ ಹಿಟ್ಟು ಸರಿ ಉಂಟು. ನಾನೇ ರುಚಿ ನೋಡಿ ತಂದದ್ದು.’

‘ನಿಮ್ಮ ರುಚಿ ನಿಮ್ಮ ಹೋಟೆಲಿಗಿರ್ಲಿ. ಬರೂ ಗುರುವಾರ ಆ ಕರಿ ಹಂದಿ ಮರಿ ಬಿಡಸಾಕಿ ಅದೀನಿ. ಆಕಿ ಬರ್ಲಿ. ಬಂದು, ನೋಡಿ, ಹಾಕು ಅಂದ್ರ ಹಾಕ್ತೀನಿ. ಬರ್ಲಿಲ್ಲಂದ್ರ ಹಳದಿ ಪುಡಿ ಐತಿ. ಅದೂ ಕೈಕೊಟ್ರ ಗೂಡು ಮಾರ್ತೀನಿ, ಮುಗೀತು.’

‘ಬೈದಿದ್ದೀನಿ ಅಂತೀರಿ, ಮತ್ತೆ ಅವಳೇ ಬೇಕಾ?’ ಎಂದು ನಾನು ಕೇಳಿದೆ. ಮೂಗು ತೂರಿಸುವುದು ನನ್ನ ಹುಟ್ಟುಗುಣ.

‘ತಪ್ಪಾತು ಅಂತ ಕುಂತು ಅಳೂ ಡಾಕ್ಟರನ್ನ ನಾ ಈ ಕಡೆ ಎಲ್ಲೂ ನೋಡಿಲ್ರಿ ಸಾಹೇಬ್ರ’ ಎಂದಳು ಮರಗಮ್ಮ.

ಅಲ್ಲಿಂದ ನೇರ ಮನೆಗೆ ಬಂದೆವು. ಮನೆಯ ಬಾಗಿಲು ತೆರೆದ ನಿನ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದು, ‘ಗಲ್ಲಾ ಬಿಟ್ಟು ಎಲ್ಲಿಗೆ ಹೋದ್ದು? ಇದೆಂತ ವಾಸನೆ?’ ಎಂದಳು.

‘ಮಗಳ ಆಫೀಸಿಗೆ ಹೋಗಿದ್ದೆ’ ಎಂದರು ಭಾವ.

ಆಮೇಲೆ ನಿಂತಲ್ಲೇ ಎಲ್ಲ ಹೇಳಿದರು, ಸೋಡಾದಿಂದ ಹಿಡಿದು ಇಡ್ಲಿಯ ಪ್ರಶ್ನೆಯವರೆಗೆ. ವನಮಾಲಾ ಒಳಗೆ ಹೋಗಿ ಬಚ್ಚಲಿಗೆ ಬಿಸಿನೀರು ಬಿಟ್ಟಳು. ಯಾವ ಬಕೆಟ್ಟು ಎಂದು ನಾನು ಇಣುಕಿ ನೋಡಿದೆ, ಈ ವಿಷಯದಲ್ಲಿ ನನ್ನ ಕುತೂಹಲವನ್ನು ನೀನು ಕ್ಷಮಿಸಬೇಕು. ಮನೆಯವರೆಲ್ಲರ ಬಕೆಟ್ಟು. ನಾನು ನೋಡಿದ್ದನ್ನು ಅವಳು ನೋಡಿದಳು. ‘ಎಂತ ನೋಡ್ತಿ, ಎಲ್ಲ ಒಂದೇ ನೀರು’ ಎಂದಳು.

ಸ್ನಾನ ಮುಗಿಸಿ ಬಂದು ಭಾವ ನನ್ನ ಎದುರು ಕೂತರು.

‘ನೀನು ಅವಳಿಗೆ ಬರೆ’ ಎಂದರು. ‘ಗಲ್ಲಾದಲ್ಲಿ ಜಾಗ ಇಲ್ಲ ಅಂತ ಬರೆ. ಅಕ್ಕುವಿಗೆ ಕೊಟ್ಟಾಯ್ತು. ಅವಳ ಲೆಕ್ಕ ನನಗಿಂತ ಚುರುಕು.’

‘ಮತ್ತೆ ಸೋಡಾದ್ದು?’

‘ಅದನ್ನು ಮೊದಲು ಬರೆ.’

‘ನೀವೇ ಹೇಳಬಹುದಲ್ಲ ಭಾವ.’

ಅವರು ಟವೆಲಿನಲ್ಲಿ ಕಿವಿ ಒರೆಸಿಕೊಂಡರು, ಆಗಲೇ ಒರೆಸಿ ಆಗಿದ್ದ ಕಿವಿ. ‘ನಾನು ಹೇಳಿದರೆ ಅವಳು ಪರವಾಗಿಲ್ಲ ಅಪ್ಪ ಅಂತಾಳೆ. ಅದನ್ನು ಕೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ’ ಎಂದರು.

ಮೊದಲು ಬರೆಯಬೇಕಾದದ್ದನ್ನು ನಾನು ಹತ್ತು ಸುತ್ತು ತಿರುಗಿಸಿ ಬರೆದಿದ್ದೇನೆ. ಇನ್ನು ನಿನ್ನ ಕೆಲಸ. ಅಪ್ಪನಿಗೆ ಪರವಾಗಿಲ್ಲ ಎನ್ನಬೇಡ. ಏಳು ಮರಿ ಸತ್ತದ್ದು ಪರವಾಗಿಲ್ಲ ಎನ್ನುವಂಥ ವಿಷಯವಲ್ಲ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಫೋನ್ ಮಾಡಿ ಸರಿಯಾಗಿ ಬೈ. ನಿನ್ನ ಔಷಧದ ಹತ್ತಿರ ಕೈ ತರಬೇಡಿ ಎಂದು ಬೈ, ಕೇಳದೆ ಯಾಕೆ ಮಾಡಿದಿರಿ ಎಂದು ಬೈ. ಅವರು ಕಾಯುತ್ತಿದ್ದಾರೆ. ಇವತ್ತು ಬೆಳಗಿನಿಂದ ಫೋನು ರಿಂಗಾದಾಗಲೆಲ್ಲ ಅವರ ಮುಖ ಬಿಳಿಚಿಕೊಳ್ಳುತ್ತದೆ, ಅದು ಕ್ಯಾಟರಿಂಗ್ ಆರ್ಡರೆಂದು ಗೊತ್ತಾದರೆ ನಿರಾಸೆಯಾಗುತ್ತದೆ. ಇದು ಅಕ್ಕು ಕೊಟ್ಟ ವರದಿ.

ಬೈದು ಮುಗಿಸಿ ಗುರುವಾರ ವಿಠ್ಠಲವಾಡಿಗೆ ಹೋಗು. ಪರ್ಸಿನಲ್ಲಿ ಆ ಕಾಗದದ ಚೂರುಗಳನ್ನು ತುಂಬಿಸಿಕೊಂಡು ಹೋಗು, ಮೊದಲು ಅಪ್ಪನ ಕ್ಯಾನಿಗೇ ಅದ್ದು. ಈ ಸಲ ಗೆಲ್ಲುತ್ತೀ ಎಂದು ನಾನು ಬರೆದುಕೊಡಲಾರೆ. ಮರಿಗಳ ಹೊಟ್ಟೆ ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತನ್ನೂ ಪ್ರತಿಸಲ ಕೇಳಲಿಕ್ಕಿಲ್ಲ. ಆದರೆ ಆ ಕಪ್ಪು ಹಂದಿಯ ಮರಿಗಳು ಗುರುವಾರ ಕೂಗಲು ಶುರುಮಾಡುವಾಗ ಅಲ್ಲಿ ನೀನಿರಬೇಕು ಎಂದು ಈಗ ಎರಡು ಜನ ಬಯಸುತ್ತಿದ್ದಾರೆ. ಒಬ್ಬಳು ನಿನ್ನನ್ನು ಬೈದವಳು, ಇನ್ನೊಬ್ಬರು ನಿನ್ನಿಂದ ಬೈಸಿಕೊಳ್ಳಬೇಕಾದವರು.

ನಿನ್ನ ಕೈಗೆ ಬಲ ಬರಲಿ, ಹೊತ್ತುಹೊತ್ತಿಗೆ ಉಣ್ಣು. ನಿನ್ನ ಗೂಡಿನ ಮಕ್ಕಳೆಲ್ಲ ಉಂಡದ್ದು ಅರಗಿಸಿಕೊಂಡು ಮೈಕೈ ತುಂಬಿಕೊಳ್ಳಲಿ.

ಇತಿ, ಗುರುವಾರ ಬರುವುದು ಬೇಡ ಎಂದು ನೀನು ಹೇಳಿದರೂ ಕ್ಯಾನು ಹಿಡಿಯಲು ಬರಲಿರುವ,
ಪುಂಡರೀಕಾಕ್ಷ ಮಾವ